ಕೇಸ್ಲಾಪುರದ ದರ್ಬಾರು: ಸರ್ಕಾರವೇ ಬಂದು ಕೂರುವ ಗೊಂಡರ ಅಂಗಳ

ಹೈದರಾಬಾದ್: ಸಂಜೆ ಹೊತ್ತು ಟ್ಯಾಂಕ್ ಬಂಡ್ ಮೇಲೆ ಅಡ್ಡಾಡಲು ಹೋಗುವ ನಗರದ ಕನ್ನಡಿಗರು ಶ್ರೀಕೃಷ್ಣದೇವರಾಯನ ಪ್ರತಿಮೆ ಎದುರು ಒಂದು ಗಳಿಗೆ ನಿಲ್ಲುವುದುಂಟು. ಅದೇ ಟ್ಯಾಂಕ್ ಬಂಡ್ ಮೇಲೆ ಕೊಮರಂ ಭೀಮನ ಪ್ರತಿಮೆಯೂ ಇದೆ. 2022ರಲ್ಲಿ ‘ಆರ್‌ಆರ್‌ಆರ್’ ಸಿನಿಮಾ ಬಂದ ಮೇಲೆ ಆ ಹೆಸರು ಮನೆಮನೆಗೂ ಗೊತ್ತಾಯಿತು. ಆದರೆ ಸಿನಿಮಾದ ಭೀಮನಿಗೂ ಆದಿಲಾಬಾದ್ ಕಾಡಿನ ಭೀಮನಿಗೂ ಹೆಸರು ಬಿಟ್ಟರೆ ಹೆಚ್ಚಿನ ನಂಟಿಲ್ಲ. ಆಸಿಫಾಬಾದ್ ಸೀಮೆಯ ಈ ಗೊಂಡ ಯುವಕ ನಿಜಾಮ್ ಸರ್ಕಾರದ ಮುಂದೆ ಇಟ್ಟ ಬೇಡಿಕೆ ಬಹಳ ಸರಳವಾಗಿತ್ತು: ಜೋಡೇಘಾಟ್ ಸುತ್ತಿನ ಹನ್ನೆರಡು ಹಳ್ಳಿಗಳ ನೆಲ ನಮ್ಮದು, ಅದನ್ನು ನಾವೇ ನೋಡಿಕೊಳ್ಳುತ್ತೇವೆ. ನೀರು, ಕಾಡು, ನೆಲ ಎಂಬ ಮೂರು ಮಾತಿನ ಘೋಷಣೆ ಇಂದಿಗೂ ಅವನ ಹೆಸರಿನೊಂದಿಗೇ ಬರುತ್ತದೆ. 1940ರಲ್ಲಿ ಜೋಡೇಘಾಟ್‌ನಲ್ಲಿ ಪೊಲೀಸರ ಗುಂಡಿಗೆ ಅವನು ಬಲಿಯಾದ.

ಬೀದರ್, ಗುಲಬರ್ಗಾ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳ ಹಿರಿಯರಿಗೆ ನಿಜಾಮ್ ಕಾಲದ ಕಥೆಗಳು ಬಾಯಿಪಾಠ. ಅದೇ ಸಂಸ್ಥಾನದ ಉತ್ತರ ತುದಿಯಲ್ಲಿ ಏನು ನಡೆಯಿತು ಎಂಬುದು ಮಾತ್ರ ಅಷ್ಟಾಗಿ ಕಿವಿಗೆ ಬಿದ್ದಿಲ್ಲ.

ಗೊಂಡರ ಹಳ್ಳಿಗೆ ಒಬ್ಬ ‘ಪಟ್ಲ’ ಇರುತ್ತಾನೆ. ಈಗ ಎಲ್ಲರೂ ಪಟೇಲ್ ಎನ್ನುತ್ತಾರೆ. ಪೂಜೆಗೆ ದೇವಾರಿ, ಕರೆ ಹೇಳಲು ಹವಾಲ್ದಾರ್, ಸಲಹೆಗೆ ಮಹಾಜನ್ ಮತ್ತು ಹಿರಿಯರು. ಹೆಸರು ಕೇಳಿದರೆ ಕಂದಾಯ ಇಲಾಖೆಯ ಹುದ್ದೆಗಳಂತೆ ಕಾಣುತ್ತವೆ, ಆದರೆ ಕೆಲಸ ಬೇರೆ. ಹಳೆಯ ಕಾಲದಲ್ಲಿ ಪಟ್ಲನೆಂದರೆ ಕಾಡಿನಲ್ಲಿ ಜಾಗ ನೋಡಿ, ಗ್ರಾಮದೇವತೆಯನ್ನು ಪ್ರತಿಷ್ಠಾಪಿಸಿ, ಜನರನ್ನು ಕರೆದುಕೊಂಡು ಬಂದು ಊರು ಕಟ್ಟಿದವನು. ಅವನ ನಡೆ ಸರಿಬಾರದಿದ್ದರೆ ಜನ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಎತ್ತಿನ ಬಂಡಿಗೆ ಸಾಮಾನು ಹೇರಿಕೊಂಡು ಬೇರೊಬ್ಬ ಪಟ್ಲನ ಊರಿಗೆ ಹೊರಟುಬಿಡುತ್ತಿದ್ದರು. ಕಾಡು ವಿಶಾಲವಾಗಿತ್ತು, ನೆಲಕ್ಕೆ ಬರವಿರಲಿಲ್ಲ. ಜನ ಬಿಟ್ಟುಹೋಗಬಹುದೆಂಬ ಭಯವೇ ಮುಖಂಡನನ್ನು ನೆಟ್ಟಗೆ ಇಟ್ಟಿತ್ತು. ಐದು ವರ್ಷಕ್ಕೊಮ್ಮೆ ಬರುವ ಚುನಾವಣೆಗಿಂತ ಇದು ಬಿಗಿಯಾದ ಲೆಕ್ಕ ತಪಾಸಣೆ ಎಂದರೆ ತಪ್ಪಾಗದು.

ಇದು ಕೆಟ್ಟದ್ದು ಕಾಡಿಗೆ ಗಡಿಗೆರೆ ಬಿದ್ದಾಗ. ನಿಜಾಮ್ ಸರ್ಕಾರ ಕಾಡನ್ನು ‘ರಿಜರ್ವ್’ ಮಾಡಿತು. ಗೆರೆಯೊಳಗೆ ಸಿಕ್ಕ ಊರುಗಳನ್ನು ಎಬ್ಬಿಸಿದರು. ಗೆರೆಯ ಹೊರಗಿನ ಒಳ್ಳೆಯ ನೆಲಕ್ಕೆ ಹೊರಗಿನಿಂದ ಬಂದ ಸಾಹುಕಾರರು ಪಟ್ಟಾ ಮಾಡಿಸಿಕೊಂಡರು. ಗೊಂಡರ ಬಳಿ ಕಾಗದವಿರಲಿಲ್ಲ, ಕಾಗದ ಓದುವವರೂ ಇರಲಿಲ್ಲ. ಊರು ಬಿಟ್ಟು ಹೋಗುವ ಸ್ವಾತಂತ್ರ್ಯ ಹೋದ ಮೇಲೆ ಪಟ್ಲನ ಮಾತಿನ ತೂಕವೂ ಹೋಯಿತು. ಪಟವಾರಿ, ಫಾರೆಸ್ಟ್ ಗಾರ್ಡ್ ಹೇಳಿದ್ದೇ ಕಾನೂನಾಯಿತು. ಭೀಮನ ಹೋರಾಟ ಹುಟ್ಟಿದ್ದು ಇಲ್ಲಿಂದ.

ಮಾರ್ಲವಾಯಿಯ ವಿದೇಶಿ ದಂಪತಿ

ಜೋಡೇಘಾಟ್ ಘಟನೆಯ ಬಳಿಕ ನಿಜಾಮ್ ಸರ್ಕಾರಕ್ಕೆ ಕಾರಣ ತಿಳಿಯಬೇಕೆನ್ನಿಸಿತು. ಆ ಕೆಲಸ ಬಂದದ್ದು ವಿಯೆನ್ನಾದಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಕ್ರಿಸ್ಟೋಫ್ ಫಾನ್ ಫ್ಯೂರರ್ ಹೈಮೆಂಡಾರ್ಫ್ ಅವರ ಪಾಲಿಗೆ. ಎರಡನೇ ಮಹಾಯುದ್ಧ ಶುರುವಾದಾಗ ಅವರ ಕೈಯಲ್ಲಿದ್ದುದು ಜರ್ಮನ್ ಪಾಸ್‌ಪೋರ್ಟ್. ಹಾಗಾಗಿ ಬ್ರಿಟಿಷರು ಅವರನ್ನು ಹೈದರಾಬಾದ್ ಸಂಸ್ಥಾನದ ಗಡಿಯೊಳಗೆ ಇರುವಂತೆ ಕಟ್ಟುಹಾಕಿದ್ದರು. ಪತ್ನಿ ಎಲಿಜಬೆತ್ ಅವರೊಂದಿಗೆ ಮಾರ್ಲವಾಯಿ ಎಂಬ ಗೊಂಡರ ಹಳ್ಳಿಯಲ್ಲಿ ಗುಡಿಸಲು ಹಾಕಿಕೊಂಡು ನೆಲೆಸಿದರು. 1943ರಲ್ಲಿ ಅಲ್ಲೇ ಗೊಂಡ ಯುವಕರನ್ನು ಮೇಷ್ಟರನ್ನಾಗಿ ತಯಾರು ಮಾಡುವ ಕೇಂದ್ರ ಆರಂಭವಾಯಿತು. ಗೊಂಡಿ ಭಾಷೆಯ ಪಾಠಪುಸ್ತಕಗಳು ದೇವನಾಗರಿ ಲಿಪಿಯಲ್ಲಿ ಅಚ್ಚಾದವು. ಮುಂದೆ ಅವರು ನಿಜಾಮ್ ಸರ್ಕಾರಕ್ಕೆ ಬುಡಕಟ್ಟು ಮತ್ತು ಹಿಂದುಳಿದ ವರ್ಗಗಳ ಸಲಹೆಗಾರರಾದರು, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆದರು.

ಅವರ ಸಲಹೆಯಿಂದಾದ ಕೆಲಸ ಸಣ್ಣದಲ್ಲ. 1940ರ ದಶಕ ಮುಗಿಯುವ ಹೊತ್ತಿಗೆ ಆದಿಲಾಬಾದ್ ಜಿಲ್ಲೆಯಲ್ಲಿ ಸುಮಾರು 1,60,000 ಎಕರೆ ಜಮೀನು ಬುಡಕಟ್ಟು ಜನರ ಹೆಸರಿಗೆ ಪಟ್ಟಾ ಆಗಿತ್ತು ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ. 1356 ಫಸಲಿಯಲ್ಲಿ, ಅಂದರೆ 1946ರಲ್ಲಿ, ಹೊರಬಿದ್ದ ಬುಡಕಟ್ಟು ಪ್ರದೇಶಗಳ ನಿಬಂಧನೆ ಗೊಂಡರ ಪಂಚಾಯತಿಯನ್ನೂ ಕಾಗದದ ಮೇಲೆ ಒಪ್ಪಿಕೊಂಡಿತು. ಹಳೆಯ ಪದ್ಧತಿಯನ್ನು ತೆಗೆದುಹಾಕದೆ ಅದರ ಮೇಲೆಯೇ ಆಡಳಿತ ಕಟ್ಟಬಹುದೆಂದು ಹೈದರಾಬಾದಿನ ಕಚೇರಿಗಳು ಯೋಚಿಸಿದ್ದು ಆಗ. ಎಲಿಜಬೆತ್ 1987ರ ಜನವರಿಯಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಅವರ ಸಮಾಧಿ ಮಾರ್ಲವಾಯಿಯಲ್ಲಿದೆ. ಊರವರು ಇಂದಿಗೂ ಪುಣ್ಯತಿಥಿ ಮಾಡುತ್ತಾರೆ.

ನಾಗೋಬನ ಮುಂದೆ

ಈಗಿನ ಆದಿಲಾಬಾದ್ ಜಿಲ್ಲೆಯ ಇಂದ್ರವೆಲ್ಲಿ ಮಂಡಲದ ಕೇಸ್ಲಾಪುರದಲ್ಲಿ ಪುಷ್ಯ ಅಮಾವಾಸ್ಯೆಗೆ ನಾಗೋಬ ಜಾತ್ರೆ ನಡೆಯುತ್ತದೆ. ನಾಗೋಬ ಮೆಸ್ರಮ್ ವಂಶದವರ ಕುಲದೈವ. ಜಾತ್ರೆಗೆ ಮುಂಚೆ ವಂಶದ ಹಿರಿಯರು ಕೇಸ್ಲಾಪುರದಲ್ಲಿ ಸಭೆ ಕೂಡಿ, ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ತಂಗಬೇಕು ಎಂದು ತೀರ್ಮಾನಿಸುತ್ತಾರೆ. ಆಮೇಲೆ ಜನ್ನಾರಂ ಬಳಿಯ ಹಸ್ತಿನ ಮಡುಗಿಗೆ ಬರಿಗಾಲಿನಲ್ಲಿ ನಡೆದು ಗೋದಾವರಿ ನೀರು ತರುತ್ತಾರೆ. ಮನೆಗೆ ಬಂದ ಹೊಸ ಸೊಸೆಯಂದಿರನ್ನು ದೇವರಿಗೆ, ಹಿರಿಯರಿಗೆ ‘ಭೇಟಿ’ ಮಾಡಿಸುತ್ತಾರೆ. ಬಿಳಿ ಸೀರೆಯುಟ್ಟು ಮುಸುಕು ಹಾಕಿಕೊಂಡ ಸೊಸೆ ಈ ಭೇಟಿ ಆದ ಮೇಲೆಯೇ ವಂಶದವಳಾಗುತ್ತಾಳೆ. ಮನೆಯ ಹೆಣ್ಣುಮಕ್ಕಳಿಗೂ ಅಳಿಯಂದಿರಿಗೂ ಪೂಜೆಯಲ್ಲಿ ಗೊತ್ತಾದ ಕೆಲಸಗಳಿವೆ. ಅದನ್ನು ಬೇರೆಯವರು ಮಾಡುವಂತಿಲ್ಲ. ಗುಡಿಗೆ ಈಗ ಕೆತ್ತನೆಯ ಕಲ್ಲಿನ ಕಟ್ಟಡವಿದೆ. ವಂಶದವರೇ ಮನೆಮನೆಯಿಂದ ಚಂದಾ ಎತ್ತಿ ಕಟ್ಟಿಸಿದ್ದು, 2022ರ ಡಿಸೆಂಬರ್‌ನಲ್ಲಿ ಪ್ರತಿಷ್ಠೆ ಆಯಿತು. ಇಷ್ಟು ದೊಡ್ಡ ಕೆಲಸದ ಚಂದಾ ಲೆಕ್ಕ ಜಗಳವಿಲ್ಲದೆ ಮುಗಿಯುವುದು ಎಷ್ಟು ಕಷ್ಟವೆಂದು ನಮ್ಮ ಸಂಘ ಸಂಸ್ಥೆಗಳ ಖಜಾಂಚಿಗಳನ್ನು ಕೇಳಿದರೆ ತಿಳಿಯುತ್ತದೆ!

ಈ ಜಾತ್ರೆಯ ಒಂದು ದಿನ ದರ್ಬಾರು. 1940ರ ದಶಕದಲ್ಲಿ ಹೈಮೆಂಡಾರ್ಫ್ ಕಾಲದಲ್ಲಿ ಶುರುವಾದ ಪದ್ಧತಿ ಇದು. ಗೊಂಡರು ಅರ್ಜಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು, ಅವರೆಲ್ಲ ಹೇಗೂ ಸೇರುವ ಜಾಗಕ್ಕೆ ಅಧಿಕಾರಿಗಳೇ ಹೋಗಲಿ ಎಂಬುದು ಉದ್ದೇಶ. ಕಲೆಕ್ಟರ್, ಉಟ್ನೂರಿನ ಐಟಿಡಿಎ ಅಧಿಕಾರಿ, ಕೆಲವು ವರ್ಷ ಮಂತ್ರಿಗಳು ಕೂಡ ಬಂದು ಕೂರುತ್ತಾರೆ. ಹಳ್ಳಿ ಪಟೇಲರು ಎದ್ದು ನಿಂತು ತಮ್ಮ ಊರಿನ ಮಾತು ಹೇಳುತ್ತಾರೆ. ರಸ್ತೆ, ನೀರು, ಪಟ್ಟಾ, ಫಾರೆಸ್ಟ್ ಕೇಸು. ಕೆಲವು ಅರ್ಜಿಗಳು ವರ್ಷವರ್ಷವೂ ಅವೇ. ದರ್ಬಾರಿನಲ್ಲಿ ಕೇಳಿಸಿಕೊಳ್ಳುವುದಕ್ಕೂ ಕೆಲಸ ಆಗುವುದಕ್ಕೂ ನಡುವೆ ಇರುವ ದೂರ ಎಲ್ಲರಿಗೂ ಗೊತ್ತಿದೆ.

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ಇಂದ್ರವೆಲ್ಲಿ ಸಾಕ್ಷಿ. ಗಿರಿಜನರ ಜಮೀನು ಬೇರೆಯವರ ಕೈಸೇರದಂತೆ 1970ರಲ್ಲಿ 1/70 ಎಂದೇ ಹೆಸರಾದ ಕಾನೂನು ಬಂದಿತ್ತು. ಆದರೂ ನೆಲ ಜಾರುತ್ತಲೇ ಇತ್ತು. 1981ರ ಏಪ್ರಿಲ್ 20ರಂದು ಸಭೆಗೆಂದು ಸೇರಿದ ಗೊಂಡರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 13. ಅದಕ್ಕಿಂತ ಬಹಳ ಹೆಚ್ಚು ಎಂಬುದು ಅಲ್ಲಿನವರ ಮಾತು.

ಊರಿನಲ್ಲಿ ಬಗೆಹರಿಯದ ಜಗಳಗಳು ಇಂದು ‘ರಾಯ್ ಸೆಂಟರ್’ಗೆ ಬರುತ್ತವೆ. ಹಲವು ಹಳ್ಳಿಗಳಿಗೆ ಒಂದರಂತೆ ಇರುವ ಗೊಂಡರ ನ್ಯಾಯಪೀಠ ಇದು. ಮುಖ್ಯಸ್ಥನಿಗೆ ಸಾರ್‌ಮೇಡಿ ಎನ್ನುತ್ತಾರೆ. ಮದುವೆ ಮುರಿತ, ಜಮೀನಿನ ಗಡಿ, ಅಣ್ಣತಮ್ಮಂದಿರ ಪಾಲು ಇವೆಲ್ಲ ಎರಡೂ ಕಡೆಯವರ ಎದುರಿಗೆ, ಎಲ್ಲರಿಗೂ ಅರ್ಥವಾಗುವ ಗೊಂಡಿ ಭಾಷೆಯಲ್ಲಿ ಚರ್ಚೆಯಾಗುತ್ತವೆ. ವಕೀಲರ ಫೀಜಿಲ್ಲ, ವಾಯಿದೆ ಮೇಲೆ ವಾಯಿದೆ ಇಲ್ಲ.

1996ರಲ್ಲಿ ಸಂಸತ್ತು ಒಪ್ಪಿದ ‘ಪೆಸಾ’ ಕಾನೂನು ಈ ಪದ್ಧತಿಗೆ ಬಲ ಕೊಟ್ಟಿತು. ಅನುಸೂಚಿತ ಪ್ರದೇಶಗಳಲ್ಲಿ ತಮ್ಮ ಸಂಪ್ರದಾಯ, ಸಾಮೂಹಿಕ ಸಂಪತ್ತು ಹಾಗೂ ರೂಢಿಯ ವ್ಯಾಜ್ಯ ತೀರ್ಮಾನವನ್ನು ಉಳಿಸಿಕೊಳ್ಳಲು ಗ್ರಾಮಸಭೆಯೇ ಸಮರ್ಥ ಎಂದು ಅದು ಹೇಳುತ್ತದೆ. ಅಂಥ ಕಡೆ ಸರಪಂಚ ಸ್ಥಾನಗಳೂ ಪರಿಶಿಷ್ಟ ಪಂಗಡದವರಿಗೇ ಮೀಸಲು. ತೆಲಂಗಾಣದಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಹಳೆಯ ಪಂಚಾಯತಿಯಲ್ಲಾದರೋ ಕೂರುವವರು ಗಂಡಸರೇ. ಸರಪಂಚಳಾದ ಸೊಸೆ ಒಂದು ಕಡೆ, ಪಟೇಲನಾದ ಮಾವ ಇನ್ನೊಂದು ಕಡೆ ಆದಾಗ ಯಾರ ಮಾತು ನಡೆಯಬೇಕು? ಸಂಪ್ರದಾಯದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಹೊರಗಿಟ್ಟರೆ ಈ ಪದ್ಧತಿ ಬಹುಕಾಲ ಬಾಳುವುದು ಕಷ್ಟ.

ಕರ್ನಾಟಕದ ಸ್ಥಿತಿ ಬೇರೆ. ಅಲ್ಲಿ ಅನುಸೂಚಿತ ಪ್ರದೇಶವೇ ಇಲ್ಲದ್ದರಿಂದ ಪೆಸಾ ಅನ್ವಯವಾಗುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಪೋಡುಗಳಿವೆ, ಯಜಮಾನ, ತಮ್ಮಡಿ ಇದ್ದಾರೆ. ಅವರು ಹಿಡಿದದ್ದು 2006ರ ಅರಣ್ಯ ಹಕ್ಕು ಕಾಯ್ದೆಯ ದಾರಿ. 2011ರಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಗೊಂಡರಿಗೂ ಕನ್ನಡಕ್ಕೂ ನಂಟಿದೆ. ಗೊಂಡಿಯೂ ಕನ್ನಡದಂತೆ ದ್ರಾವಿಡ ಭಾಷೆ. ಆರೇಳು ರಾಜ್ಯಗಳಲ್ಲಿ ಹರಡಿಹೋದ ಗೊಂಡರು ಒಬ್ಬರ ಮಾತು ಒಬ್ಬರಿಗೆ ತಿಳಿಯದ ಸ್ಥಿತಿಗೆ ಬಂದಿದ್ದರು. ಹಲವು ರಾಜ್ಯಗಳ ಗೊಂಡರು ಕೂಡಿ ಸಿದ್ಧಪಡಿಸಿದ ಸಾಮಾನ್ಯ ಗೊಂಡಿ ನಿಘಂಟಿನ ಕೆಲಸಕ್ಕೆ 2018ರಲ್ಲಿ ಆಸರೆಯಾದದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಯಾವ ಪದ ಇರಬೇಕು ಎಂಬುದನ್ನೂ ಅವರು ಕೂತು ಮಾತಾಡಿಯೇ ತೀರ್ಮಾನಿಸಿದರು.

ಜಾತ್ರೆ ನೋಡಬಯಸುವವರು ಸಿಕಂದರಾಬಾದಿನಿಂದ ಕೃಷ್ಣಾ ಎಕ್ಸ್‌ಪ್ರೆಸ್‌ನಲ್ಲಿ ಆದಿಲಾಬಾದಿಗೆ ಹೋಗಬಹುದು. ಬಸ್ಸಾದರೆ ನಾಗಪುರ ಹೆದ್ದಾರಿಯ ಗುಡಿಹತ್ನೂರಿನಲ್ಲಿ ಇಳಿದು ಇಂದ್ರವೆಲ್ಲಿ ದಾರಿ ಹಿಡಿಯಬೇಕು. ಅಷ್ಟು ದೂರ ಆಗದವರಿಗೆ ಮಾಸಬ್ ಟ್ಯಾಂಕ್‌ನಲ್ಲಿರುವ ನೆಹರೂ ಶತಮಾನೋತ್ಸವ ಬುಡಕಟ್ಟು ವಸ್ತುಸಂಗ್ರಹಾಲಯ ಇದ್ದೇ ಇದೆ. ಬಂಜಾರಾ ಹಿಲ್ಸ್‌ನಲ್ಲಿ 2022ರ ಸೆಪ್ಟೆಂಬರ್ 17ರಂದು ಉದ್ಘಾಟನೆಯಾದ ಕೊಮರಂ ಭೀಮ್ ಆದಿವಾಸಿ ಭವನವೂ ಅಲ್ಲಿಂದ ದೂರವೇನಲ್ಲ.