ಕುರಿಮರಿ, ಒಗರು ಸೊಪ್ಪು ಮತ್ತು ಹೊಟ್ಟೆಹುಳು

ಹೃದಯದ ಡಾಕ್ಟರಿಗೆ ಕುರಿಮರಿಯ ಉಸಾಬರಿ ಯಾಕೆ ಅಂತೀರಾ? ಮುಂಬೈ, ಪುಣೆಯಲ್ಲಿ ದುಡಿದು, ಊರಿನ ತಮ್ಮನಿಗೆ ಕುರಿ ಕೊಳ್ಳಲು ದುಡ್ಡು ಕಳಿಸುವವರು ನಮ್ಮಲ್ಲಿದ್ದಾರೆ. ಮಳೆಗಾಲದಲ್ಲಿ ಮರಿಗಳು ಸತ್ತವೆಂದು ಫೋನ್ ಬರುತ್ತದೆ. ಇತ್ತ ಗ್ರೂಪುಗಳಲ್ಲಿ, ‘ಈ ಸೊಪ್ಪು ತಿಂದರೆ ಹುಳು ಸಾಯುತ್ತದೆ, ಮಕ್ಕಳಿಗೂ ಕಷಾಯ ಕೊಡಿ’ ಎಂಬ ಮೆಸೇಜು ಓಡಾಡುತ್ತದೆ. ಅದರಲ್ಲಿ ಅರ್ಧ ನಿಜ ಇದೆ.

ಕುರಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ನಾಲ್ಕನೆಯದರಲ್ಲಿ ಹೀಮಾಂಕಸ್ ಎಂಬ ಹುಳು ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ಸಾವಿರ ಹುಳು ಸೇರಿದರೆ 50 ಮಿ.ಲೀ. ಹತ್ತು ಕಿಲೋ ಮರಿಯ ಮೈಯಲ್ಲಿ ಇರುವುದೇ ಮುಕ್ಕಾಲು ಲೀಟರಿಗಿಂತ ಕಡಿಮೆ ರಕ್ತ! ಇದರ ಸಂಬಂಧಿಕರು ಕೆಲವರು ಸಣ್ಣ ಕರುಳಿನಲ್ಲಿದ್ದು ಅದರ ಒಳಗೋಡೆಯನ್ನು ಕೆಡಿಸುತ್ತಾರೆ.

ದೊಡ್ಡ ಕುರಿ ಹುಳುವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಮರಿಗೆ ಆ ಶಕ್ತಿ ಬರಲು ತಿಂಗಳುಗಳು ಬೇಕು, ಜೊತೆಗೆ ಪ್ರೋಟೀನ್ ಬೇಕು. ಮರಿ ಬೆಳೆಯಲೂ ಪ್ರೋಟೀನ್, ಹುಳು ಕೆಡಿಸಿದ್ದನ್ನು ರಿಪೇರಿ ಮಾಡಲೂ ಪ್ರೋಟೀನ್, ಹುಳುವಿನ ವಿರುದ್ಧ ಹೋರಾಡಲೂ ಪ್ರೋಟೀನ್. ಸಾಲದೆ ಬಂದಾಗ ಹೋರಾಟವೇ ಹಿಂದೆ ಬೀಳುತ್ತದೆ.

ಸೊಪ್ಪಿನ ಕೆಲಸ ಇಲ್ಲಿದೆ. ಕೆಲವು ಗಿಡಗಳಲ್ಲಿ ಟ್ಯಾನಿನ್ ಇರುತ್ತದೆ. ಅಡಿಕೆ ಅಗಿದಾಗ, ಎಳೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಆ ಒಗರು. ಸಾಮಾನ್ಯ ಹುಲ್ಲಿನ ಪ್ರೋಟೀನನ್ನು ಕುರಿಯ ಮೊದಲ ಕೋಣೆಯ ಸೂಕ್ಷ್ಮಜೀವಿಗಳೇ ಬಹುಪಾಲು ಒಡೆದುಹಾಕುತ್ತವೆ. ಟ್ಯಾನಿನ್ ಪ್ರೋಟೀನನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲಿಂದ ದಾಟಿಸುತ್ತದೆ; ಮುಂದೆ ಆಮ್ಲ ಸಿಕ್ಕಲ್ಲಿ ಬಿಟ್ಟುಕೊಡುತ್ತದೆ. ಹಾಗಾಗಿ ಮರಿಯ ಮೈಗೆ ಹೆಚ್ಚು ಪ್ರೋಟೀನ್ ಸೇರುತ್ತದೆ. ಹುಳುವಿಗೂ ಟ್ಯಾನಿನ್ ನೇರವಾಗಿ ಸ್ವಲ್ಪ ತೊಂದರೆ ಕೊಡುತ್ತದೆ, ಆದರೆ ಔಷಧಿಯಂತೆ ಒಂದೇ ಏಟಿಗೆ ಕೊಲ್ಲುವುದಿಲ್ಲ. ನ್ಯೂಜಿಲೆಂಡಿನಲ್ಲಿ 1990ರ ದಶಕದಲ್ಲಿ, ಸುಲ್ಲಾ ಎಂಬ ಟ್ಯಾನಿನ್ ಮೇವು ತಿಂದ ಮರಿಗಳು ಕುದುರೆಮೆಂತೆ ತಿಂದವುಗಳಿಗಿಂತ ಹುಳುವನ್ನು ಚೆನ್ನಾಗಿ ತಡೆದುಕೊಂಡವು.

ಅಲ್ಲಿಯವರು ಕುರಿಗೆ ಚಿಕೋರಿಯನ್ನೂ ಮೇಯಿಸುತ್ತಾರೆ. ಹೌದು, ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವುದು ಅದೇ ಗಿಡದ ಬೇರು. ಅದರಲ್ಲಿ ಒಗರಿಗಿಂತ ಕಹಿ ಹೆಚ್ಚು. ಆ ಕಹಿ ಹುಳುವಿಗೆ ಹಿಡಿಸದು. (ಕಾಫಿ ಕುಡಿದರೆ ನಿಮ್ಮ ಹೊಟ್ಟೆಹುಳು ಹೋಗುತ್ತದೆಂದು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.)

ನಮ್ಮ ಕಡೆ ಕುರಿಯವರು ಜಾಲಿಯ ಕಾಯಿ, ಸೊಪ್ಪು ಹಾಕುವುದು ಹೊಸದೇನಲ್ಲ. ಅದರಲ್ಲೂ ಟ್ಯಾನಿನ್ ಧಾರಾಳ. ಮರದ ಸೊಪ್ಪಿಗೆ ಇನ್ನೊಂದು ಲಾಭವಿದೆ. ಹಿಕ್ಕೆಯಿಂದ ಹೊರಬಂದ ಮರಿಹುಳು ತೇವ ಇದ್ದಾಗ ಹುಲ್ಲಿನ ಬುಡದಿಂದ ನಾಲ್ಕಾರು ಬೆರಳು ಮೇಲಕ್ಕೆ ಹತ್ತುತ್ತದೆ, ಮರದ ಕೊಂಬೆಗೆ ಬರುವುದಿಲ್ಲ. ಆದರೆ ಒಗರು ಅತಿಯಾದರೆ ಮರಿ ಮೇವೇ ಬಿಡುತ್ತದೆ. ಬೇರೆ ಮೇವಿನ ಜೊತೆ ಬೆರೆಸಿ ಹಾಕಬೇಕು. ಸ್ವಲ್ಪ ಶೇಂಗಾ ಹಿಂಡಿ ಕೊಟ್ಟರೆ ನೇರವಾಗಿ ಪ್ರೋಟೀನ್ ಸಿಕ್ಕಿತು.

ಈಗ ನನ್ನ ಕಸುಬಿನ ಮಾತು. ಎದೆ ಡವಡವ ಅನ್ನುತ್ತದೆ ಎಂದು ಬಂದವರ ಕಣ್ಣಿನ ಕೆಳರೆಪ್ಪೆಯನ್ನು ನಾನು ಮೊದಲು ಎಳೆದು ನೋಡುತ್ತೇನೆ. ರಕ್ತ ಕಡಿಮೆಯಾದರೆ ಹೃದಯ ಎರಡು ಆಳಿನ ಕೆಲಸ ಮಾಡಬೇಕಾಗುತ್ತದೆ. ಕುರಿಗೂ ಇದೇ ಪರೀಕ್ಷೆ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಫಮಾಚಾ ಎಂಬ 5 ಬಣ್ಣಗಳ ಕಾರ್ಡು ಮಾಡಿದರು. ರೆಪ್ಪೆಯ ಒಳಭಾಗ ಕೆಂಪಗಿದ್ದರೆ ಸರಿ. ಬಿಳಿಚಿದ್ದರೆ, ದವಡೆಯ ಕೆಳಗೆ ಬಾವು ಬಂದಿದ್ದರೆ ಸೊಪ್ಪಿಗೆ ಕಾಯದೆ ಪಶುವೈದ್ಯರನ್ನು ಕರೆಸಲು ತಮ್ಮನಿಗೆ ಹೇಳಿ. ಬಿಳಿಚಿದವಕ್ಕೆ ಮಾತ್ರ ಮದ್ದು ಹಾಕಿದರೆ ಮದ್ದಿಗೆ ಬಗ್ಗದ ಹುಳುಗಳು ಬೇಗ ಹೆಚ್ಚುವುದಿಲ್ಲ.

ಇನ್ನು ಮಕ್ಕಳ ವಿಷಯ. ಮಕ್ಕಳಿಗೆ ಮೆಲುಕು ಹಾಕುವ ಹೊಟ್ಟೆ ಇಲ್ಲ, ಆದ್ದರಿಂದ ಕುರಿಗೆ ಆಗುವ ಲಾಭ ಅವರಿಗೆ ಆಗದು. ಬದಲಿಗೆ ಒಗರು ಕಷಾಯ ಊಟದ ಕಬ್ಬಿಣಾಂಶವನ್ನೇ ಹಿಡಿದಿಡುತ್ತದೆ; ಕೊಕ್ಕೆಹುಳುವಿನಿಂದ ಮೊದಲೇ ರಕ್ತ ಕಳೆದುಕೊಂಡ ಮಗುವಿಗೆ ಇದು ಇನ್ನಷ್ಟು ಕೇಡು. ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನ ಆಲ್ಬೆಂಡಜೋಲ್ ಮಾತ್ರೆ ಉಚಿತ. ಎರಡು ವರ್ಷ ದಾಟಿದವರಿಗೆ 400 ಮಿ.ಗ್ರಾಂ.ನ ಒಂದು, ಒಂದರಿಂದ ಎರಡು ವರ್ಷದವರಿಗೆ ಅರ್ಧ, ಪುಡಿಮಾಡಿ ನೀರಿನಲ್ಲಿ. ಆ ದಿನ ಮಗುವಿಗೆ ಜ್ವರವಿದ್ದರೆ ಗುಣವಾದ ಮೇಲೆ ಕೊಡಿಸಿ. ರಜೆಗೆ ಊರಿಗೆ ಹೋಗಿ ಮಾತ್ರೆ ತಪ್ಪಿದ್ದರೆ, ವಾಪಸ್ ಬಂದ ಮೇಲೆ ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ.