ರೋಗಿಯ ದಾಖಲೆಯೂ ಒಂದು ಅಮಾನತ್ತು

ಆಸ್ಪತ್ರೆಗೆ ಹೊರಡುವಾಗ ಹಳೆಯ ಚೀಟಿ, ಎಕ್ಸ್‌ರೇ, ರಕ್ತಪರೀಕ್ಷೆಯ ವರದಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಳ್ಳುವುದು ನಮ್ಮ ಮನೆಗಳ ವಾಡಿಕೆ. ಒಂದು ವರದಿ ಕಳೆದರೆ ಅದೇ ಪರೀಕ್ಷೆಗೆ ಮತ್ತೆ ಹಣ ತೆರಬೇಕು. ಯಾವ ಔಷಧಿ ಒಗ್ಗುವುದಿಲ್ಲವೆಂದು ಹೊಸ ವೈದ್ಯರಿಗೆ ತಿಳಿಯದಿದ್ದರೆ ಜೀವಕ್ಕೇ ಅಪಾಯವಾಗಬಹುದು.

ಈ ತೊಂದರೆ ನೀಗಲೆಂದು ಕೇಂದ್ರ ಸರಕಾರವು 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಯೋಜನೆಯನ್ನು ದೇಶಾದ್ಯಂತ ಆರಂಭಿಸಿತು. ಇದರಲ್ಲಿ ಸೇರುವವರಿಗೆ 14 ಅಂಕಿಗಳ 'ಆಭಾ' ಸಂಖ್ಯೆ ದೊರೆಯುತ್ತದೆ. ಇದು ಕಡ್ಡಾಯವಲ್ಲ. ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡೇ ಬೇರೆ, ಇದೇ ಬೇರೆ. ದಾಖಲೆಗಳೆಲ್ಲ ಒಂದೇ ಕಡೆ ಶೇಖರವಾಗುವುದಿಲ್ಲ. ಚಿಕಿತ್ಸೆ ನೀಡಿದ ಆಸ್ಪತ್ರೆ ಅಥವಾ ಲ್ಯಾಬ್‌ನಲ್ಲೇ ಉಳಿಯುತ್ತವೆ. ಇನ್ನೊಂದು ಆಸ್ಪತ್ರೆಯವರು ನೋಡಬಯಸಿದರೆ ರೋಗಿಯ ಒಪ್ಪಿಗೆ ಕೇಳಬೇಕು. ಯಾವ ದಾಖಲೆ, ಎಷ್ಟು ಕಾಲ ಎಂಬುದನ್ನು ರೋಗಿಯೇ ನಿರ್ಧರಿಸಬಹುದು; ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು.

ರೋಗದ ವಿವರ ಬರೆದಿಡುವುದು ಮುಸ್ಲಿಮ್ ಸಮಾಜಕ್ಕೆ ಹೊಸತಲ್ಲ. 10ನೇ ಶತಮಾನದ ಆರಂಭದವರೆಗೂ ಬಾಳಿದ್ದ ಮಹಾವೈದ್ಯ ಅಬೂಬಕರ್ ಅಲ್-ರಾಝಿ ತಾವು ಕಂಡ ರೋಗಗಳ ಬಗ್ಗೆ ವಿವರವಾದ ಟಿಪ್ಪಣಿಗಳನ್ನು ಬರೆದಿಟ್ಟಿದ್ದರು. ಅವರ ನಿಧನದ ಬಳಿಕ ಅವನ್ನು ಕಲೆಹಾಕಿದಾಗ 'ಅಲ್-ಹಾವಿ' ಎಂಬ ಬೃಹತ್ ಗ್ರಂಥವಾಯಿತು.

ಆದರೆ ಬರೆದಿಟ್ಟದ್ದು ಅಮಾನತ್ತು ಎಂಬುದನ್ನು ಮರೆಯಬಾರದು. ಅಮಾನತ್ತುಗಳನ್ನು ಹಕ್ಕುದಾರರಿಗೇ ತಲುಪಿಸಬೇಕೆಂಬುದು ಕುರ್‌ಆನ್‌ನ ಆದೇಶ. 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ನಡೆದು, ಹಲವು ದಿನಗಳ ಕಾಲ ಕೈಬರಹದಲ್ಲೇ ಕೆಲಸ ಸಾಗಿಸಬೇಕಾಯಿತು. ದಾಖಲೆ ಕಾಯುವ ಹೊಣೆ ಆಸ್ಪತ್ರೆಗಳಿಗೆ ಎಷ್ಟು ಭಾರವಾದುದೆಂದು ಇದರಿಂದ ತಿಳಿಯಬಹುದು.

ನಮ್ಮ ಹೊಣೆಯೂ ಸಣ್ಣದಲ್ಲ. ಹೆಣ್ಣುಮಗಳೊಬ್ಬಳ ಚಿಕಿತ್ಸೆಯ ವಿಷಯ ಬಾಯಿಂದ ಬಾಯಿಗೆ ಹರಡಿ, ಕೂಡಿಬಂದ ಸಂಬಂಧವೇ ಮುರಿದು ಬೀಳುವುದುಂಟು. ವರದಿಯ ಫೋಟೋವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರು ಒಮ್ಮೆ ಯೋಚಿಸಲಿ. ಅಂಗಡಿಯಲ್ಲಿ ಆಭಾ ಮಾಡಿಸುವಾಗ ಅಂಗಡಿಯವನ ಮೊಬೈಲ್ ಸಂಖ್ಯೆ ಜೋಡಿಸಬೇಡಿ. ಒಟಿಪಿಯನ್ನು ಅಪರಿಚಿತರಿಗೆ ಹೇಳಬೇಡಿ. ತಾಯಿ, ಪತ್ನಿ ಅಥವಾ ಸೊಸೆಯ ದಾಖಲೆ ಮನೆಯ ಗಂಡಸರ ಮೊಬೈಲಿನಲ್ಲಿದ್ದರೆ, ಅವರನ್ನು ಕೇಳದೆ ಒಪ್ಪಿಗೆಯ ಗುಂಡಿ ಒತ್ತಬೇಡಿ. ಮೊಬೈಲ್ ನಮ್ಮದಾದರೂ ಗುಟ್ಟು ಅವರದು. ಆ ಗುಟ್ಟಿನ ಬಗ್ಗೆಯೂ ನಾಳೆ ಅಲ್ಲಾಹನ ಮುಂದೆ ಉತ್ತರಿಸಲಿಕ್ಕಿದೆ.