ಚೀಟಿಯ ಮೇಲಿನ ಪದ ಬಿಡಿಸಿದರೆ

ಚಂದಾಪುರದಿಂದ ಕಲಬುರಗಿಯ ದೊಡ್ಡ ದವಾಖಾನಿಗೆ ಕೂಸನ್ನು ಎತ್ತಿಕೊಂಡು ಹೋದ ತಾಯಿ-ತಂದೆ ಸಂಜೆಯ ಬಸ್ಸಿಗೆ ಮರಳುವಾಗ ಕೈಯಲ್ಲೊಂದು ಚೀಟಿ ಇರುತ್ತದೆ. ಅದರ ಮೇಲೆ ‘ಹೀಮಾಂಜಿಯೋಮಾ’, ‘ಪಿಡಿಎ’, ‘ಎವಿಎಂ’ ಇಂಥದೊಂದು ಪದ. ಔಷಧದ ಹೆಸರನ್ನು ಮೆಡಿಕಲ್ ಅಂಗಡಿಯವರು ಓದುತ್ತಾರೆ. ಕಾಯಿಲೆಯ ಹೆಸರನ್ನು ಬಿಡಿಸಿ ಹೇಳುವವರು ಕಡಿಮೆ. ಹೀಗಾಗಿ ಮನೆಗೆ ಬರುವಷ್ಟರಲ್ಲಿ ಊರಿನ ಮಾತು ಶುರುವಾಗುತ್ತದೆ: ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ದಳು, ಏನೋ ಕೊಯ್ದಿದ್ದಳು, ಅದಕ್ಕೇ ಕೂಸಿಗೆ ಹೀಗಾಯಿತು. ಪದ ಅರ್ಥವಾಗಿದ್ದರೆ ಆ ತಾಯಿ ಈ ಮಾತು ಕೇಳಬೇಕಾಗಿರಲಿಲ್ಲ.

ಮೊದಲ ಪದ ‘ಕಂಜೆನಿಟಲ್’. ಇದಕ್ಕೆ ‘ಹುಟ್ಟುವಾಗಲೇ ಇದ್ದದ್ದು’ ಎಂದಷ್ಟೇ ಅರ್ಥ. ವಂಶದಿಂದ ಬಂದದ್ದಕ್ಕೆ ವೈದ್ಯರು ‘ಹೆರೆಡಿಟರಿ’ ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಹುಟ್ಟಿನಿಂದ ಬರುವ ರಕ್ತನಾಳದ ದೋಷಗಳಲ್ಲಿ ಹಲವು, ಗರ್ಭದಲ್ಲಿ ಭ್ರೂಣ ಬೆಳೆಯುವಾಗ ಯಾವುದೋ ಒಂದು ಜೀವಕೋಶದ ಜೀನಿನಲ್ಲಿ ಆದ ಸಣ್ಣ ಬದಲಾವಣೆಯ ಫಲ. ಅದು ತಾಯಿಯಿಂದಲೂ ತಂದೆಯಿಂದಲೂ ಬಂದದ್ದಲ್ಲ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ರಕ್ತನಾಳಗಳ ವ್ಯವಸ್ಥೆ ನೀರಾವರಿಯಂಥದು. ಚಿಂಚೋಳಿ ಸೀಮೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ. ಜಲಾಶಯದಿಂದ ಹೊರಟ ಮುಖ್ಯ ಕಾಲುವೆ ಕವಲೊಡೆಯುತ್ತದೆ, ನೀರು ಹೊಲದ ಸಾಲುಗಳಿಗೆ ಇಳಿಯುತ್ತದೆ, ಮಿಕ್ಕಿದ್ದು ಬಸಿಗಾಲುವೆಯಲ್ಲಿ ಹರಿದು ಹೋಗುತ್ತದೆ. ಹೃದಯದಿಂದ ಒತ್ತಡದಲ್ಲಿ ರಕ್ತ ಒಯ್ಯುವ ಅಪಧಮನಿ ಮುಖ್ಯ ಕಾಲುವೆ. ಕೂದಲಿಗಿಂತ ತೆಳುವಾದ ಲೋಮನಾಳಗಳು ಹೊಲದ ಸಾಲುಗಳು. ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ ಬಸಿಗಾಲುವೆ. ಚೀಟಿಯ ಮೇಲಿನ ಪದ, ಇದರಲ್ಲಿ ಯಾವ ಭಾಗ ಕೆಟ್ಟಿದೆ ಎಂಬುದನ್ನು ಹೇಳುತ್ತದೆ.

‘ಹೀಮಾಂಜಿಯೋಮಾ’ ಗ್ರೀಕ್ ಮೂಲದ ಮೂರು ತುಂಡುಗಳ ಪದ. ಹೀಮ್ ಎಂದರೆ ರಕ್ತ, ಆಂಜಿಯೋ ಎಂದರೆ ನಾಳ, ಓಮಾ ಎಂದರೆ ಗಂಟು. ಹುಟ್ಟಿದ ಕೆಲವು ವಾರಗಳಲ್ಲಿ ಕೂಸಿನ ಚರ್ಮದ ಮೇಲೆ ಕೆಂಪು ಮಚ್ಚೆಯಂತೆ ಕಾಣಿಸಿಕೊಂಡು, ಮೊದಲ ತಿಂಗಳುಗಳಲ್ಲಿ ಬೇಗ ಉಬ್ಬಿ, ಆಮೇಲೆ ವರ್ಷಗಟ್ಟಲೆ ಮೆಲ್ಲಗೆ ಕುಗ್ಗುತ್ತದೆ. ‘ಗಡ್ಡೆ’ ಎಂದ ಕೂಡಲೇ ಕ್ಯಾನ್ಸರ್ ಎಂದು ಹೆದರುವವರಿದ್ದಾರೆ. ಇದು ಕ್ಯಾನ್ಸರ್ ಅಲ್ಲ. ಇನ್ನೊಂದು ಪದ ‘ಮಾಲ್‌ಫಾರ್ಮೇಶನ್’, ಅಂದರೆ ರಚನೆಯಲ್ಲೇ ತಪ್ಪು. ಇದು ತಾನಾಗಿ ಕುಗ್ಗುವುದಿಲ್ಲ, ಮಗುವಿನ ಜೊತೆ ಬೆಳೆಯುತ್ತದೆ. ಮುಖದ ಮೇಲಿನ ದ್ರಾಕ್ಷಾರಸ ಬಣ್ಣದ ಚಪ್ಪಟೆ ಕಲೆ ‘ಪೋರ್ಟ್ ವೈನ್ ಸ್ಟೇನ್’ ಈ ಗುಂಪಿನದು.

ಬಹುಕಾಲ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರು. 1982ರಲ್ಲಿ ಅಮೆರಿಕದ ಮುಲಿಕನ್ ಮತ್ತು ಗ್ಲೊವಾಕಿ ಜೀವಕೋಶಗಳ ನಡವಳಿಕೆ ನೋಡಿ ಇವನ್ನು ಬೇರ್ಪಡಿಸಿದರು. ಹೆಸರು ಬೇರೆಯಾದ ಮೇಲೆ ಚಿಕಿತ್ಸೆಯೂ ಬೇರೆಯಾಯಿತು. 2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು, ಹೃದಯಕ್ಕೆಂದು ಕೊಟ್ಟ ಪ್ರೊಪ್ರನೊಲಾಲ್ ಔಷಧದಿಂದ ಹೀಮಾಂಜಿಯೋಮಾ ಕುಗ್ಗಿದ್ದನ್ನು ವರದಿ ಮಾಡಿದರು. ಇಂದು ಚಿಕಿತ್ಸೆ ಬೇಕಾದ ಹೀಮಾಂಜಿಯೋಮಾಕ್ಕೆ ಅದೇ ಮೊದಲ ಔಷಧ. ವೈದ್ಯರ ನಿಗಾ ಇಲ್ಲದೆ ಅದನ್ನು ಕೊಡುವಂತಿಲ್ಲ, ಏಕೆಂದರೆ ಕೂಸಿನ ರಕ್ತದ ಸಕ್ಕರೆ ಮತ್ತು ನಾಡಿಬಡಿತ ಇಳಿಯಬಹುದು. ಪೋರ್ಟ್ ವೈನ್ ಕಲೆಗೆ ಈ ಔಷಧ ನಾಟುವುದಿಲ್ಲ, ಅದಕ್ಕೆ ಲೇಸರ್ ಬೇಕು. ಕಲೆ ಹಣೆ ಮತ್ತು ಕಣ್ಣಿನ ರೆಪ್ಪೆಯ ಭಾಗದಲ್ಲಿದ್ದರೆ ಕಣ್ಣು ಮತ್ತು ಮಿದುಳಿನ ಪರೀಕ್ಷೆಯೂ ಆಗಬೇಕು.

‘ಎವಿಎಂ’ ಎಂದರೆ ಆರ್ಟೀರಿಯೋವೀನಸ್ ಮಾಲ್‌ಫಾರ್ಮೇಶನ್. ಮುಖ್ಯ ಕಾಲುವೆಯ ನೀರು ಹೊಲಕ್ಕೆ ಇಳಿಯದೆ ನೇರವಾಗಿ ಬಸಿಗಾಲುವೆಗೆ ನುಗ್ಗಿದರೆ ಏನಾಗುತ್ತದೆ? ಹೊಲ ಒಣಗುತ್ತದೆ, ಬಸಿಗಾಲುವೆಯ ದಂಡೆ ಒಡೆಯುತ್ತದೆ. ಇಲ್ಲಿ ಆಗುವುದೂ ಅದೇ. ನಡುವೆ ಲೋಮನಾಳಗಳಿಲ್ಲದೆ ಅಪಧಮನಿ ಅಭಿಧಮನಿಗೆ ನೇರ ಕೂಡಿಕೊಂಡಿರುತ್ತದೆ. ಚರ್ಮದಲ್ಲಾದರೆ ಮುಟ್ಟಿದಾಗ ಬಿಸಿ ಎನಿಸಿ ಮಿಡಿಯುವ ಬಾವು, ಮಿದುಳಿನಲ್ಲಾದರೆ ತಲೆನೋವು, ಫಿಟ್ಸ್, ಕೆಲವೊಮ್ಮೆ ರಕ್ತಸ್ರಾವ.

‘ಪಿಡಿಎ’ ಎಂದರೆ ಪೇಟೆಂಟ್ ಡಕ್ಟಸ್ ಆರ್ಟೀರಿಯೋಸಸ್. ಇಲ್ಲಿ ಪೇಟೆಂಟ್ ಎಂದರೆ ‘ತೆರೆದೇ ಇರುವ’. ಗರ್ಭದಲ್ಲಿ ಕೂಸಿನ ಶ್ವಾಸಕೋಶ ಉಸಿರಾಡುವುದಿಲ್ಲ, ಆದ್ದರಿಂದ ರಕ್ತ ಅದನ್ನು ಬಳಸಿಕೊಂಡು ಹೋಗಲು ಒಂದು ಅಡ್ಡನಾಳ ಇರುತ್ತದೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಅದು ಮುಚ್ಚಬೇಕು. ಮುಚ್ಚದಿದ್ದರೆ ಶ್ವಾಸಕೋಶಕ್ಕೆ ರಕ್ತ ಹೆಚ್ಚಾಗಿ ನುಗ್ಗುತ್ತದೆ. ಮೊಲೆ ಕುಡಿಯುವಾಗ ಏದುಸಿರು, ಹಣೆಯಲ್ಲಿ ಬೆವರು, ತೂಕ ಏರದಿರುವುದು ಇದರ ಗುರುತುಗಳು. 1938ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಏಳು ವರ್ಷದ ಹುಡುಗಿಯೊಬ್ಬಳ ಈ ನಾಳವನ್ನು ಶಸ್ತ್ರಚಿಕಿತ್ಸೆಯಿಂದ ಕಟ್ಟಿದರು. ಈಗ ಎಷ್ಟೋ ಮಕ್ಕಳಿಗೆ ಎದೆ ತೆರೆಯದೆಯೇ, ತೊಡೆಯ ರಕ್ತನಾಳದಿಂದ ಸಣ್ಣ ಸಾಧನ ಕಳಿಸಿ ಮುಚ್ಚುತ್ತಾರೆ. ‘ಕೋಆರ್ಕ್ಟೇಶನ್’ ಎಂದಿದ್ದರೆ ಮಹಾಪಧಮನಿ ಒಂದೆಡೆ ಇಕ್ಕಟ್ಟಾಗಿದೆ ಎಂದರ್ಥ. ಆಗ ಕೈಯ ನಾಡಿ ಜೋರು, ತೊಡೆಸಂದಿನ ನಾಡಿ ಕ್ಷೀಣ.

ನಮ್ಮ ಭಾಗಕ್ಕೆ ನೆರವು ಈಗ ಹತ್ತಿರ ಬಂದಿದೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಬಂದು, ಹುಟ್ಟಿನಿಂದ ಬಂದ ಹೃದಯದ ದೋಷಗಳೂ ಸೇರಿದಂತೆ ಮಕ್ಕಳ ತೊಂದರೆಗಳನ್ನು ಗುರುತಿಸುತ್ತವೆ. ಆ ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಬೇಡಿ.

ಮಚ್ಚೆಗೆ ಬರೆ ಹಾಕಿಸಬೇಡಿ, ಸೊಪ್ಪು-ಸುಣ್ಣ ಮೆತ್ತಬೇಡಿ. ಮಚ್ಚೆಯಿಂದ ರಕ್ತ ಬಂದರೆ ಶುಚಿಯಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು, ದವಾಖಾನಿಗೆ ಹೋಗಿ. ಕೆಂಪು ಗಂಟು ಕಣ್ಣು, ಮೂಗು, ತುಟಿ, ಗದ್ದದ ಬಳಿ ಇದ್ದರೆ, ಇಲ್ಲವೇ ಮೈಮೇಲೆ ಐದು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ತಡ ಮಾಡಬೇಡಿ. ವೈದ್ಯರ ಮುಂದೆ ಮೂರು ಪ್ರಶ್ನೆ ಕೇಳಲು ಹಿಂಜರಿಯಬೇಡಿ: ಈ ಪದದ ಅರ್ಥವೇನು? ಇದು ತಾನಾಗಿ ಕುಗ್ಗುತ್ತದೆಯೋ, ಉಳಿಯುತ್ತದೆಯೋ? ಮತ್ತೆ ಯಾವಾಗ ತೋರಿಸಬೇಕು? ಉತ್ತರವನ್ನು ಅದೇ ಚೀಟಿಯ ಹಿಂಬದಿಗೆ ಕನ್ನಡದಲ್ಲಿ ಬರೆಸಿಕೊಳ್ಳಿ. ಆ ಚೀಟಿಯನ್ನು ತಾಯಿ ಕಾರ್ಡಿನ ಜೊತೆಗೇ ಜೋಪಾನವಾಗಿಡಿ.